ಹೀಟರ್ ಕೆಟ್ಟ ದಿನವೂ ಮೀನು ಉಳಿಯಬೇಕು: 115 ಲೀಟರ್ ಟ್ಯಾಂಕಿಗೆ ಹೀಟರ್ ಆರಿಸುವ ಲೆಕ್ಕ

ಕೆಳಗೆ ಓದುವವರಿಗೂ ಅನುಕೂಲವಾಗಲಿ ಎಂದು ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿ ಮುಂದುವರಿಯುತ್ತೇನೆ. 90×40×40 ಸೆಂ.ಮೀ. ಟ್ಯಾಂಕ್. ಏಂಜೆಲ್, ಟೆಟ್ರಾ, ಕೋರಿ ಮೀನುಗಳು. ರಾತ್ರಿ ಕೋಣೆ 18 ಡಿಗ್ರಿವರೆಗೆ ಇಳಿಯುತ್ತದೆ. 300 ವ್ಯಾಟ್‌ನ ಒಂದೇ ಹೀಟರ್ ಇತ್ತು. ಬೆಳಿಗ್ಗೆ ನೋಡಿದಾಗ ನೀರು 35 ಡಿಗ್ರಿ, ಅರ್ಧಕ್ಕರ್ಧ ಮೀನು ಸತ್ತಿದ್ದವು. ಕೆಡದಿರುವ ಹೀಟರ್ ಯಾವ ಕಂಪನಿಯದು, ಬೇರೆ ಬಗೆಯ ಹೀಟರ್‌ಗಳು ಹೇಗೆ ಎಂದು ಕೇಳಿದ್ದೀರಿ.

ಮೀನು ಹೋದದ್ದು ನಿಜಕ್ಕೂ ಬೇಸರದ ಸಂಗತಿ. ಆದರೆ ಕಂಪನಿ ಬದಲಿಸಿ ಮತ್ತೆ 300 ವ್ಯಾಟ್‌ನದನ್ನೇ ತಂದರೆ ಇದೇ ಅಪಾಯ ಹಾಗೆಯೇ ಉಳಿಯುತ್ತದೆ. ಎಷ್ಟು ದುಬಾರಿಯದಾದರೂ ಹೀಟರ್ ಒಂದಲ್ಲ ಒಂದು ದಿನ ಕೆಡುವ ವಸ್ತು. ಅದಕ್ಕೇ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಕೆಟ್ಟ ರಾತ್ರಿ ನನ್ನ ನೀರು ಎಷ್ಟು ಡಿಗ್ರಿಗೆ ಹೋಗುತ್ತದೆ?

ನಿಮ್ಮ ಹೀಟರಿನಲ್ಲಿ ಏನಾಗಿರಬಹುದು ಅಂದರೆ, ಸಾಮಾನ್ಯ ಗಾಜಿನ ಹೀಟರಿನ ಮೇಲ್ಭಾಗದಲ್ಲಿ ಎರಡು ಲೋಹ ಬೆಸೆದ ಒಂದು ತೆಳು ಪಟ್ಟಿ ಇರುತ್ತದೆ. ಬಿಸಿಯಾದಾಗ ಅದು ಬಾಗಿ ಕರೆಂಟ್ ಕಡಿಯುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಕಡಿಯುವ ಪ್ರತಿ ಸಲವೂ ಅದರ ತುದಿಯಲ್ಲಿ ಒಂದು ಸಣ್ಣ ಕಿಡಿ ಹಾರುತ್ತದೆ. ಹೀಟರಿನ ದೀಪ ಆರುವ ಮುನ್ನ ಪಟಪಟ ಮಿನುಗುವುದನ್ನು ನೀವು ನೋಡಿರಬಹುದು. ಅದು ಪಟ್ಟಿ ನಿಧಾನವಾಗಿ ಬಿಡಿಸಿಕೊಳ್ಳುವಾಗ ತುದಿಗಳು ತಾಗಿ ಬಿಟ್ಟು ತಾಗಿ ಬಿಟ್ಟು ಕಿಡಿ ಕಾರುತ್ತಿರುವ ಗುರುತು. ಹೀಗೆ ಸಾವಿರಾರು ಸಲ ಆದಮೇಲೆ ತುದಿಗಳು ಸುಟ್ಟು ಹೊಂಡ ಬಿದ್ದು, ಒಂದು ದಿನ ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಆಮೇಲೆ ಡಯಲ್ ಎಲ್ಲಿಗೇ ತಿರುಗಿಸಿ, ಹೀಟರ್ ಆರುವುದಿಲ್ಲ. ಮಿನುಗುವುದು ಹೆಚ್ಚಾಗಿದ್ದರೆ ಅದನ್ನು ಬದಲಿಸುವ ಹೊತ್ತು ಬಂದಿದೆ ಎಂದೇ ತಿಳಿಯಿರಿ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಟ್ಯಾಂಕಿನಲ್ಲಿ ನೀರು 36 ಸೆಂ.ಮೀ. ಎತ್ತರಕ್ಕಿದ್ದರೆ ಸುಮಾರು 130 ಲೀಟರ್. ಮರಳು, ಕಲ್ಲು ಕಳೆದರೆ ನಿಜವಾದ ನೀರು 115 ಲೀಟರ್ ಆಸುಪಾಸು. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ ಹೀಟರ್ ಕೊಟ್ಟರೆ, ಶಾಖ ಹೊರಗೆ ಹೋಗುವುದನ್ನು ಬಿಟ್ಟು ನೋಡಿದಾಗ, ನೀರು ಗಂಟೆಗೆ ಸುಮಾರು 0.86 ಡಿಗ್ರಿ ಏರುತ್ತದೆ. ಇದು ಟ್ಯಾಂಕ್ ಚಿಕ್ಕದಿರಲಿ ದೊಡ್ಡದಿರಲಿ ಒಂದೇ. ನಿಮ್ಮ 300 ವ್ಯಾಟ್ ಹೀಟರ್ ಗಂಟೆಗೆ ಎರಡು ಡಿಗ್ರಿಗಿಂತ ಹೆಚ್ಚು ಏರಿಸುವ ಶಕ್ತಿಯದು. ನೀವು ಮಲಗಿ ಏಳುವಷ್ಟರಲ್ಲಿ 26ರಿಂದ 35 ದಾಟಲು ಅದಕ್ಕೆ ಧಾರಾಳ ಸಮಯವಿತ್ತು.

ನಿಮಗೆ ನಿಜವಾಗಿ ಬೇಕಾದದ್ದು ಎಷ್ಟು? ಕೋಣೆ 18, ನೀರು 26, ಅಂದರೆ 8 ಡಿಗ್ರಿ ವ್ಯತ್ಯಾಸ. ಈ ಅಳತೆಯ ಗಾಜಿನ ಟ್ಯಾಂಕ್, ಮೇಲೆ ಮುಚ್ಚಳ, ಅಡಿಗೆ ಥರ್ಮೋಕೋಲ್ ಹಾಳೆ ಇದ್ದರೆ, ಅದನ್ನು ಹಿಡಿದಿಡಲು ಸುಮಾರು 60ರಿಂದ 70 ವ್ಯಾಟ್ ಸಾಕು. ಮುಚ್ಚಳ ಇಲ್ಲದಿದ್ದರೆ 100 ದಾಟುತ್ತದೆ. ಹೀಗೆ ಹೆಚ್ಚುವರಿಯಾಗಿ ಕಳೆಯುವ ಶಾಖ ಬಹುಮಟ್ಟಿಗೆ ಹೋಗುವುದು ಆವಿಯಿಂದ. ಒಂದು ಲೀಟರ್ ನೀರು ಆವಿಯಾಗಿ ಹೋದರೆ ಸುಮಾರು 0.68 ಯೂನಿಟ್ ಕರೆಂಟಿನಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ದಿನಕ್ಕೆ ಒಂದು ಲೀಟರ್ ಇಳಿಯುವ ಟ್ಯಾಂಕ್ ಎಂದರೆ 28 ವ್ಯಾಟ್ ಹೀಟರ್ ಹಗಲೂ ರಾತ್ರಿ ಅದಕ್ಕಾಗಿಯೇ ಉರಿದ ಹಾಗೆ. ಹೀಟರಿಗೆ ದುಡ್ಡು ಹಾಕುವ ಮೊದಲು ಮುಚ್ಚಳ ಸರಿಮಾಡಿ. ಹಿಂದಿನ ಗಾಜಿಗೆ, ಹೊರಗಡೆಯಿಂದ, ಒಂದು ಥರ್ಮೋಕೋಲ್ ಹಾಳೆ ಅಂಟಿಸಿದರೆ ಇನ್ನೂ ಒಳ್ಳೆಯದು.

ಆದ್ದರಿಂದ ನನ್ನ ಸಲಹೆ, 75 ವ್ಯಾಟ್‌ನ ಎರಡು ಹೀಟರ್. ಒಂದು ಸತ್ತುಹೋದರೆ, ಮುಚ್ಚಳವಿದ್ದರೆ, ಇನ್ನೊಂದು ನೀರನ್ನು 26ರ ಹತ್ತಿರವೇ ಹಿಡಿಯುತ್ತದೆ, ಮೀನಿಗೆ ಏನೂ ಆಗುವುದಿಲ್ಲ. ಒಂದು ಆರದೆ ಅಂಟಿಕೊಂಡರೆ ಗಂಟೆಗೆ ಏರುವುದು ಹೆಚ್ಚೆಂದರೆ ಅರ್ಧ ಡಿಗ್ರಿಗಿಂತ ಚೂರು ಜಾಸ್ತಿ. ಏರಿದಂತೆಲ್ಲ ಗಾಜಿನಿಂದ, ಮೇಲ್ಮೈಯಿಂದ ಹೊರಗೆ ಹೋಗುವ ಶಾಖವೂ ಹೆಚ್ಚುತ್ತದೆ. ಕೋಣೆ 18 ಇರುವ ರಾತ್ರಿ ಅದು 28ರ ಸುತ್ತಮುತ್ತ ನಿಂತುಬಿಡುತ್ತದೆ. ಕೋಣೆಯೇ 26 ಇದ್ದರೂ ಎಂಟು ಗಂಟೆಯಲ್ಲಿ 30 ಮುಟ್ಟೀತು, ಅಷ್ಟರಲ್ಲಿ ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ.

ತಣ್ಣಗಾಗುವುದಕ್ಕೆ ಜನ ಬಹಳ ಹೆದರುತ್ತಾರೆ, ಅದಕ್ಕೇ ದೊಡ್ಡ ಹೀಟರ್ ತರುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಎರಡೂ ಹೀಟರ್ ಪೂರ್ತಿ ನಿಂತರೂ, ಮುಚ್ಚಳವಿದ್ದರೆ, ಎಂಟು ಗಂಟೆಯಲ್ಲಿ 26ರಿಂದ 23ರ ಹತ್ತಿರಕ್ಕೆ ಇಳಿಯುತ್ತದೆ. ಅದನ್ನು ಏಂಜೆಲ್ ಕೂಡ ತಡೆದುಕೊಳ್ಳುತ್ತದೆ. ಬಿಸಿಯ ಕಥೆ ಹಾಗಲ್ಲ. 25 ಡಿಗ್ರಿಯ ನೀರು ಲೀಟರಿಗೆ ಹೆಚ್ಚೆಂದರೆ 8.3 ಮಿ.ಗ್ರಾಂ. ಆಮ್ಲಜನಕ ಹಿಡಿಯುತ್ತದೆ, 35ರಲ್ಲಿ ಸುಮಾರು 7. ಅದೇ ಹೊತ್ತಿಗೆ ಬಿಸಿನೀರಿನಲ್ಲಿ ಮೀನಿಗೆ ಬೇಕಾಗುವ ಆಮ್ಲಜನಕ ಏರಿರುತ್ತದೆ. ಸಿಗುವುದು ಕಡಿಮೆ, ಬೇಕಾದದ್ದು ಜಾಸ್ತಿ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಇದರಿಂದಲೇ.

ಮುಂದಿನದು ಕಂಟ್ರೋಲರ್. ನೀರಿನೊಳಗೆ ಬಿಸಿ ಅಳೆಯುವ ಪ್ರೋಬ್, ಹೊರಗೆ ಕರೆಂಟ್ ಕಡಿದು ಕೂಡಿಸುವ ರಿಲೇ ಇರುವ, ಹೀಟರಿನ ಪ್ಲಗ್ ಸಿಕ್ಕಿಸುವ ಪೆಟ್ಟಿಗೆ. ಎರಡೂ ಹೀಟರನ್ನು ಇದರ ಮೂಲಕ ಕೊಡಿ. ಕಂಟ್ರೋಲರನ್ನು 26ಕ್ಕೆ, ಆರುವ ಬಿಸಿಗೂ ಮತ್ತೆ ಹತ್ತುವ ಬಿಸಿಗೂ ನಡುವಿನ ವ್ಯತ್ಯಾಸವನ್ನು ಅರ್ಧ ಡಿಗ್ರಿಗೆ ಇಡಿ. ಹೀಟರಿನ ಡಯಲ್‌ಗಳನ್ನು 28ಕ್ಕೆ ಇಡಿ. ದಿನನಿತ್ಯ ಆರಿಸಿ ಹಚ್ಚುವ ಕೆಲಸ ಕಂಟ್ರೋಲರಿನದು. ಹೀಟರ್ ಒಳಗಿನ ಪಟ್ಟಿಗೆ ಕೆಲಸವೇ ಇರುವುದಿಲ್ಲ, ಕಿಡಿಯೂ ಇಲ್ಲ, ಅದು ಕಾವಲಿಗೆ ನಿಂತಿರುತ್ತದೆ. ರಿಲೇಯ ತುದಿಗಳೂ ಬೆಸೆದುಕೊಳ್ಳಬಹುದು. ಆಗ 28ರಲ್ಲಿ ಹೀಟರಿನದೇ ಪಟ್ಟಿ ಕಡಿಯುತ್ತದೆ. ಕೆಲವರು ಡಯಲನ್ನು ಕೊನೆಯವರೆಗೆ, 32ಕ್ಕೋ 34ಕ್ಕೋ ತಿರುಗಿಸಿ ಎಲ್ಲವನ್ನೂ ಕಂಟ್ರೋಲರಿಗೆ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಎರಡನೆಯ ಕಾವಲನ್ನು ನೀವೇ ಮನೆಗೆ ಕಳಿಸಿದಂತಾಗುತ್ತದೆ.

ಕಂಟ್ರೋಲರ್ ಇರುವಲ್ಲಿ ಅನಾಹುತ ಹೆಚ್ಚಾಗಿ ಆಗುವುದು ಪ್ರೋಬಿನಿಂದ. ಸಕ್ಷನ್ ಕಪ್ ಗಟ್ಟಿಯಾಗಿ ಕಳಚುತ್ತದೆ, ಪ್ರೋಬ್ ನೀರಿನಿಂದ ಹೊರಬಂದು ಗಾಳಿಯಲ್ಲಿ ನೇತಾಡುತ್ತದೆ. ಕೋಣೆಯ 18 ಡಿಗ್ರಿಯನ್ನು ನೀರಿನದೆಂದು ತಿಳಿದು ಕಂಟ್ರೋಲರ್ ಹೀಟರನ್ನು ಆರಿಸುವುದೇ ಇಲ್ಲ. ಪ್ರೋಬನ್ನು ಕಪ್ಪಿನ ಮೇಲೆ ಬಿಡದೆ, ಫಿಲ್ಟರಿನ ಪೈಪಿಗೆ ಎರಡು ಕಡೆ ಕೇಬಲ್ ಟೈ ಹಾಕಿ ಕಟ್ಟಿ. ತುದಿ ನೀರಿನ ಮಟ್ಟಕ್ಕಿಂತ 15 ಸೆಂ.ಮೀ. ಆದರೂ ಕೆಳಗಿರಲಿ, ಹೀಟರಿನಿಂದ ಒಂದು ಗೇಣಾದರೂ ದೂರ ಇರಲಿ. ತೀರಾ ಹತ್ತಿರವಾದರೆ ಹೀಟರಿನ ಸುತ್ತಲಿನ ಬಿಸಿಯನ್ನೇ ಅಳೆದು ಬೇಗ ಆರಿಸುತ್ತದೆ, ಉಳಿದ ನೀರು ತಣ್ಣಗೇ ಇರುತ್ತದೆ.

ಉಳಿದ ಬಗೆಗಳನ್ನು ಕೇಳಿದ್ದೀರಿ. ಟೈಟಾನಿಯಂ ಕೊಳವೆಯದು ಒಡೆಯುವುದಿಲ್ಲ. ಆಸ್ಕರ್‌ನಂಥ, ಗುದ್ದಿ ಒಡೆಯುವ ದೊಡ್ಡ ಮೀನಿದ್ದರೆ ಅದೇ ಸರಿ. ಆದರೆ ಅವುಗಳಲ್ಲಿ ಹಲವಕ್ಕೆ ಒಳಗೆ ಥರ್ಮೋಸ್ಟಾಟ್ ಇರುವುದಿಲ್ಲ, ಪೂರ್ತಿ ಕಂಟ್ರೋಲರನ್ನೇ ನಂಬಬೇಕು. ಲೋಹವಾದ್ದರಿಂದ ಅರ್ಥಿಂಗ್ ಕಡ್ಡಾಯ. ಕ್ಯಾನಿಸ್ಟರ್ ಫಿಲ್ಟರಿನ (ಟ್ಯಾಂಕಿನ ಹೊರಗಿಡುವ ಡಬ್ಬಿಯಂಥ ಫಿಲ್ಟರ್) ಪೈಪಿಗೆ ಸೇರಿಸುವ ಹೀಟರ್ ಟ್ಯಾಂಕಿನೊಳಗೆ ಕಾಣುವುದಿಲ್ಲ, ಶಾಖವನ್ನೂ ಸಮನಾಗಿ ಹರಡುತ್ತದೆ. ಪೈಪಿನ ಅಳತೆ, 12/16 ಅಥವಾ 16/22 ಮಿ.ಮೀ., ಹೊಂದಬೇಕು. ಕೂಡಿಕೆ ಎರಡು ಹೆಚ್ಚಾಗುತ್ತವೆ, ಅಷ್ಟು ಸೋರುವ ಜಾಗವೂ ಹೆಚ್ಚಿದಂತೆ. ಫಿಲ್ಟರ್ ಕಟ್ಟಿಕೊಂಡು ಹರಿವು ನಿಂತರೆ ತಾನಾಗಿ ಆರುವ ವ್ಯವಸ್ಥೆ ಇಲ್ಲದ್ದನ್ನು ತರಬೇಡಿ. ಸಂಪ್, ಅಂದರೆ ಟ್ಯಾಂಕಿನ ಕೆಳಗೆ ಫಿಲ್ಟರಿಗಾಗಿ ಇಡುವ ಖಾನೆಗಳಿರುವ ಇನ್ನೊಂದು ತೊಟ್ಟಿ, ಇರುವವರು ಹೀಟರನ್ನು ನೀರಿನ ಮಟ್ಟ ಬದಲಾಗದ ಖಾನೆಯಲ್ಲಿ ಇಡಬೇಕು. ಪಂಪಿನ ಖಾನೆಯಲ್ಲಿ ಆವಿಯಿಂದ ಮಟ್ಟ ಇಳಿದು ಹೀಟರ್ ಬರಿದಾಗಿ ಉರಿಯುತ್ತದೆ. 26ಕ್ಕೆ ಕಟ್ಟಿಹಾಕಿದ, ಡಯಲ್ ಇಲ್ಲದ ಹೀಟರ್ ನಿಮಗೆ ಬೇಡ. ಬಿಳಿ ಚುಕ್ಕೆ ರೋಗಕ್ಕೆ 30ಕ್ಕೆ ಏರಿಸಬೇಕಾದಾಗ ಅದರಿಂದ ಆಗುವುದಿಲ್ಲ.

ಅಂಗಡಿಯಲ್ಲಿ ನೋಡಬೇಕಾದದ್ದು: ನೀರಿನಲ್ಲಿ ಪೂರ್ತಿ ಮುಳುಗಿಸಬಹುದು ಎಂದು ಸ್ಪಷ್ಟವಾಗಿ ಬರೆದಿರಬೇಕು, ಕೊಳವೆಯ ಮೇಲೆ ಕನಿಷ್ಠ ನೀರಿನ ಗೆರೆ ಇರಬೇಕು, ವಯರ್ ಹೊರಬರುವ ರಬ್ಬರ್ ಭಾಗ ಬಿಗಿಯಾಗಿರಬೇಕು. ಅತಿ ಬಿಸಿಯಾದಾಗ ಕಡಿಯುವ ಪ್ರತ್ಯೇಕ ಫ್ಯೂಸ್ ಇದ್ದರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಡಬಹುದು.

ತಂದ ಕೂಡಲೇ ಮೀನಿನ ಟ್ಯಾಂಕಿಗೆ ಹಾಕಬೇಡಿ. 20 ಲೀಟರ್ ಬಕೆಟ್ ನೀರಿಗೆ ಒಂದೊಂದೇ ಇಳಿಸಿ, ಜೊತೆಗೆ ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಿ. 15ರಿಂದ 20 ನಿಮಿಷ ಬಿಟ್ಟು, ಅಂದರೆ ಒಳಗಿನ ಪಟ್ಟಿ ನೀರಿನ ಬಿಸಿಗೆ ಹೊಂದಿಕೊಂಡ ಮೇಲೆ ಪ್ಲಗ್ ಹಾಕಿ. ಡಯಲ್ 26ಕ್ಕಿಟ್ಟು ಎಲ್ಲಿ ಆರುತ್ತದೆ, ಎಲ್ಲಿ ಮತ್ತೆ ಹತ್ತುತ್ತದೆ ಎಂದು ಬರೆದಿಡಿ. ಡಯಲಿಗೂ ನಿಜಕ್ಕೂ ಒಂದೆರಡು ಡಿಗ್ರಿ ಅಂತರ ಇರುವುದು ಸಾಮಾನ್ಯ, ಅದಕ್ಕೆ ತಕ್ಕಂತೆ ನಿಮ್ಮ 28 ಎಲ್ಲಿ ಎಂದು ಸ್ಕೆಚ್ ಪೆನ್ನಿನಿಂದ ಗುರುತು ಹಾಕಿ. 24 ಗಂಟೆ ಹೀಗೆ ಓಡಲಿ. ಕೊಳವೆಯ ಒಳಗೆ ಮಂಜು ಕಟ್ಟಿದಂತೆ ಹನಿ ಕಂಡರೆ ಸೀಲ್ ಸೋರಿದೆ ಎಂದರ್ಥ. ಬಿಚ್ಚಿ ಒಣಗಿಸುವ ಪ್ರಯತ್ನ ಬೇಡವೇ ಬೇಡ, ಅದನ್ನು ವಾಪಸ್ ಕೊಡಿ ಅಥವಾ ಎಸೆಯಿರಿ.

ಇದಕ್ಕೆಲ್ಲ ಥರ್ಮಾಮೀಟರ್ ನಿಜ ಹೇಳಬೇಕಲ್ಲ. ಗಾಜಿಗೆ ಹೊರಗಿನಿಂದ ಅಂಟಿಸುವ ಪಟ್ಟಿ ಕೋಣೆಯ ತಂಪನ್ನೂ ಸೇರಿಸಿ ತೋರಿಸುತ್ತದೆ, ಅದನ್ನು ನಂಬಿ ಡಯಲ್ ತಿರುಗಿಸಬೇಡಿ. ನೀರಿನೊಳಗೆ ಇಡುವ ಗಾಜಿನದು ಅಥವಾ ಪ್ರೋಬ್ ಇರುವ ಡಿಜಿಟಲ್ ತನ್ನಿ. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಬೆರೆಸಿ ಅದರಲ್ಲಿಟ್ಟರೆ 0 ತೋರಿಸಬೇಕು. 37 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಜೊತೆಗಿಟ್ಟು ಹೋಲಿಸಿ. ಎರಡು ಕಡೆಯೂ ಸರಿಯಿದ್ದರೆ ನಡುವೆಯೂ ಸರಿಯಿರುತ್ತದೆ.

ಟ್ಯಾಂಕಿನಲ್ಲಿ ಒಂದು ಹೀಟರನ್ನು ಫಿಲ್ಟರ್ ನೀರು ಬೀಳುವ ಕಡೆ, ಇನ್ನೊಂದನ್ನು ಎದುರು ತುದಿಯಲ್ಲಿ ಇಡಿ. ಕಂಪನಿಯ ಕಾಗದ ಒಪ್ಪಿದರೆ ಅಡ್ಡವಾಗಿ, ತಳದಿಂದ ನಾಲ್ಕೈದು ಸೆಂ.ಮೀ. ಮೇಲೆ. ನೀರು ತೆಗೆಯುವಾಗ ಬೇಗ ಹೊರಬರುವುದಿಲ್ಲ, ಬಿಸಿ ನೀರು ಮೇಲೇಳುತ್ತಾ ತಾನಾಗಿ ಬೆರೆಯುತ್ತದೆ. ಮರಳಿಗೆ ತಾಗಬಾರದು, ತಾಗಿದ ಜಾಗ ಮಾತ್ರ ವಿಪರೀತ ಕಾದು ಗಾಜು ಸೀಳುತ್ತದೆ. ಬಾಯಿಂದ ಗಾಜಿಗೆ ಅಂಟಿಕೊಳ್ಳುವ ಪ್ಲೆಕೊ ಮೀನಿದ್ದರೆ ಹೀಟರಿಗೆ ಪ್ಲಾಸ್ಟಿಕ್ ಜಾಲರಿ ಹಾಕಿ, ಅದು ಹೀಟರಿಗೇ ಅಂಟಿ ಕೂತು ಹೊಟ್ಟೆ ಸುಟ್ಟುಕೊಳ್ಳುತ್ತದೆ.

ನೀರು ಬದಲಿಸುವ ಅರ್ಧ ಗಂಟೆ ಮೊದಲು ಎರಡೂ ಪ್ಲಗ್ ಕಿತ್ತಿಡಿ. ಕಾದ ಗಾಜು ಗಾಳಿಗೆ ಬಂದು ಮತ್ತೆ ತಣ್ಣೀರು ತಾಗಿದರೆ ಒಡೆಯುತ್ತದೆ. ಮುಗಿದ ಮೇಲೆ ಪ್ಲಗ್ ಹಾಕಲು ಮರೆಯುವುದೂ ಅಷ್ಟೇ ಸಾಮಾನ್ಯ. ಫಿಲ್ಟರಿನ ಪ್ಲಗ್ ಪಕ್ಕದಲ್ಲೇ ಇದನ್ನೂ ಇಟ್ಟು, ಎರಡನ್ನೂ ಒಟ್ಟಿಗೆ ಹಾಕುವ ರೂಢಿ ಮಾಡಿಕೊಳ್ಳಿ. ಕೊಳವೆಯ ಮೇಲೆ ಬಿಳಿ ಸುಣ್ಣ ಕಟ್ಟಿದರೆ ತಣ್ಣಗಿರುವಾಗ ವಿನೆಗರ್ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ತೊಳೆದು ಹಾಕಿ.

ಕರೆಂಟಿನ ವಿಷಯದಲ್ಲಿ ರಾಜಿ ಬೇಡ. 30 ಮಿಲಿ ಆಂಪಿಯರಿಗೆ ಕಡಿಯುವ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಈ ಲೈನಿನಲ್ಲಿ ಇರಲೇಬೇಕು, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಒಡೆದ ಹೀಟರ್ ಇರುವ ನೀರಿಗೆ ಕೈ ಹಾಕಿದಾಗ ನಿಮ್ಮನ್ನು ಉಳಿಸುವುದು ಅದೇ. ಪ್ರತಿ ವಯರೂ ಪ್ಲಗ್ ಪಾಯಿಂಟಿಗಿಂತ ಕೆಳಗೆ ಜೋತುಬಿದ್ದು ಮೇಲೆ ಹೋಗಲಿ, ಹನಿ ಅಲ್ಲೇ ಕೆಳಗೆ ಬೀಳುತ್ತದೆ. ಎಕ್ಸ್‌ಟೆನ್ಶನ್ ಬೋರ್ಡನ್ನು ಟ್ಯಾಂಕಿನ ಕೆಳಗೆ ನೆಲದ ಮೇಲೆ ಇಡಬೇಡಿ. ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ಸಿಕ್ಕರೆ ತನ್ನಿ. ದೀಪ ಉರಿಯುತ್ತಿದ್ದೂ ಮೀಟರ್ 75ರ ಬದಲು 0 ತೋರಿಸಿದರೆ ಒಳಗಿನ ಸುರುಳಿ ತುಂಡಾಗಿದೆ. ಬರೀ ದೀಪ ನೋಡಿದರೆ ಇದು ಎಂದಿಗೂ ತಿಳಿಯುವುದಿಲ್ಲ.

ಹೀಟರ್ ಚೆನ್ನಾಗಿ ನಡೆಯುತ್ತಿದ್ದರೂ ಎರಡು ಮೂರು ವರ್ಷಕ್ಕೆ ಬದಲಿಸಿ. ಎರಡನ್ನೂ ಒಂದೇ ದಿನ ಬದಲಿಸದೆ ಒಂದು ವರ್ಷ ಒಂದನ್ನು, ಮರುವರ್ಷ ಇನ್ನೊಂದನ್ನು ಬದಲಿಸಿ, ಆಗ ಎರಡೂ ಒಟ್ಟಿಗೆ ಮುಪ್ಪಾಗುವುದಿಲ್ಲ. ಬೇಸಿಗೆಯಲ್ಲಿ ಕೋಣೆಯೇ 26 ದಾಟುವ ತಿಂಗಳುಗಳಲ್ಲಿ ಹೀಟರ್ ತೆಗೆದು ಒಣಗಿಸಿ ಇಟ್ಟುಬಿಡಿ. ಆಗ ಅದರಿಂದ ಉಪಯೋಗವಿಲ್ಲ, ಅಂಟಿಕೊಂಡರೆ ಮಾತ್ರ ನಷ್ಟ.

ಉಳಿದ ಮೀನುಗಳಿಗೆ ಮತ್ತೆ ಹೀಗಾದರೆ, ಮೊದಲು ಪ್ಲಗ್ ಕೀಳಿ, ಏರ್ ಪಂಪ್ ಪೂರ್ತಿ ಬಿಡಿ, ಮುಚ್ಚಳ ತೆಗೆದು ಮೇಲ್ಮೈಗೆ ಫ್ಯಾನ್ ತಿರುಗಿಸಿ. ಐಸನ್ನು ನೇರ ಸುರಿಯಬೇಡಿ, ಬಾಟಲಿಯಲ್ಲಿ ತುಂಬಿ ತೇಲಿಬಿಡಿ. ಗಂಟೆಗೆ ಒಂದು, ಹೆಚ್ಚೆಂದರೆ ಎರಡು ಡಿಗ್ರಿ ಇಳಿದರೆ ಸಾಕು. ಸತ್ತ ಮೀನನ್ನು ಕೂಡಲೇ ತೆಗೆದು, ಅಂದೇ ಕಾಲುಭಾಗ ನೀರು ಬದಲಿಸಿ, ನೀರಿನಲ್ಲಿ ಅಮೋನಿಯಾ ಎಷ್ಟಿದೆ ಎಂದು ಪರೀಕ್ಷಿಸಿ ನೋಡಿ. ಅಷ್ಟು ಬಿಸಿಯಲ್ಲಿ ಅಮೋನಿಯಾವನ್ನು ಕಳೆಯುವ ಫಿಲ್ಟರಿನ ಬ್ಯಾಕ್ಟೀರಿಯಾಗೂ ಪೆಟ್ಟಾಗಿರಬಹುದು, ಆದ್ದರಿಂದ ಒಂದು ವಾರ ಆಹಾರ ಅರ್ಧಕ್ಕೆ ಇಳಿಸಿ. ನಿಮ್ಮಲ್ಲಿ ಈಗ ಉಳಿದಿರುವ ಏಂಜೆಲ್‌ಗಳಿಗೂ ಇದೇ ಪಥ್ಯ ಮಾಡಿ.

ಹೊಸದು ಜೋಡಿಸಿ ಪ್ರೋಬ್ ಕಟ್ಟಿದ ಮೇಲೆ, ಪ್ಲಗ್ ಹಾಕುವ ಮುನ್ನ ಇಲ್ಲಿ ಒಂದು ಫೋಟೊ ಹಾಕಿ, ಜಾಗ ಸರಿಯಾಗಿದೆಯಾ ನೋಡಿ ಹೇಳುತ್ತೇವೆ.