ವಿಶ್ವಸಂಸ್ಥೆಯ ಭಯೋತ್ಪಾದನಾ ವಿರೋಧಿ ಕಾರ್ಯತಂತ್ರದಿಂದ ನಮ್ಮಂಥವರಿಗೆ ಏನಾಗುತ್ತದೆ?

ನೀವು ಕೇಳಿದ್ದು ಇಷ್ಟು: "ಭಯೋತ್ಪಾದನೆ ವಿರುದ್ಧ ವಿಶ್ವಸಂಸ್ಥೆ ಮಾಡಿಕೊಂಡಿರುವ ಜಾಗತಿಕ ಕಾರ್ಯತಂತ್ರವನ್ನು ಎರಡು ವರ್ಷಕ್ಕೊಮ್ಮೆ ತಿದ್ದುತ್ತಾರಂತೆ. ನಮ್ಮಂಥವರಿಗೆ ಅದರಿಂದ ಏನಾದರೂ ಆಗುತ್ತಾ, ಇಲ್ಲಾ ಸುಮ್ನೆ ಕಾಗದವಾ?"

ಅರ್ಧ ಕಾಗದ. ಇನ್ನರ್ಧ ದಿನಾ ನನ್ನ ಟೇಬಲ್ಲಿಗೆ ಬರುತ್ತದೆ. ಕಲಬುರಗಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಹೊರದೇಶದಿಂದ ಬರುವ ಹಣದ ಕೆಲಸ ನನ್ನದು.

ಮೊದಲು ಕಾಗದದ ಮಾತು. 2006ರ ಸೆಪ್ಟೆಂಬರ್ 8ರಂದು ಸಾಮಾನ್ಯ ಸಭೆ ಇದನ್ನು ಒಮ್ಮತದಿಂದ ಒಪ್ಪಿತು. ಇದಕ್ಕೆ ನಾಲ್ಕು ಕಂಬಗಳು. ಭಯೋತ್ಪಾದನೆ ಬೆಳೆಯಲು ಕಾರಣವಾಗುವ ಪರಿಸ್ಥಿತಿ ಸರಿಪಡಿಸುವುದು, ದಾಳಿ ತಡೆಯುವುದು, ದೇಶಗಳ ಸಾಮರ್ಥ್ಯ ಹೆಚ್ಚಿಸುವುದು, ಇದೆಲ್ಲ ಮಾಡುವಾಗ ಮಾನವ ಹಕ್ಕು ಮತ್ತು ಕಾನೂನು ಮೀರದಿರುವುದು. ಎರಡು ವರ್ಷದ ಲೆಕ್ಕ ಈಗ ಹಳೆಯದು. ಕೊರೊನಾದಿಂದ 2020ರ ಪರಿಶೀಲನೆ 2021ಕ್ಕೆ ಹೋಯಿತು, 2023ರಲ್ಲಿ ಎಂಟನೆಯದು ಮುಗಿಸಿದಾಗ ಮುಂದಿನದನ್ನು ಮೂರು ವರ್ಷ ಬಿಟ್ಟು 2026ಕ್ಕೆ ಇಟ್ಟುಕೊಂಡರು. ಪಾಲಿಸದಿದ್ದರೆ ಯಾವ ದೇಶಕ್ಕೂ ಶಿಕ್ಷೆ ಇಲ್ಲ. ಅಷ್ಟೇ ಅಲ್ಲ, ಭಯೋತ್ಪಾದನೆ ಅಂದರೇನು ಎಂದೇ ಅದರಲ್ಲಿ ಬರೆದಿಲ್ಲ! ಭಾರತ 1996ರಲ್ಲೇ ಒಂದು ಸಮಗ್ರ ಒಪ್ಪಂದದ ಕರಡು ಇಟ್ಟಿತ್ತು. ಹೊರಗಿನವರ ಆಕ್ರಮಣದ ವಿರುದ್ಧ ಹೋರಾಡುವವರನ್ನು ಯಾವ ಲೆಕ್ಕಕ್ಕೆ ಹಾಕುವುದು, ಸರ್ಕಾರದ ಸೇನೆ ಮಾಡಿದ್ದನ್ನೂ ಸೇರಿಸಬೇಕಾ ಬೇಡವಾ ಎಂಬ ಜಗಳದಲ್ಲಿ ಅದು ಸಿಕ್ಕಿಕೊಂಡಿತು. ಆ ಜಗಳ ಪಕ್ಕಕ್ಕಿಟ್ಟಿದ್ದರಿಂದಲೇ 2006ರಲ್ಲಿ ಎಲ್ಲರೂ ಹೂಂ ಅಂದರು ಅನ್ನಿಸುತ್ತದೆ ನನಗೆ.

ಬಿಸಿ ಮುಟ್ಟಿಸುವುದು ಭದ್ರತಾ ಮಂಡಳಿ. 1999ರ 1267ನೇ ನಿರ್ಣಯದಿಂದ ಶುರುವಾದ ನಿರ್ಬಂಧದ ಪಟ್ಟಿಯಲ್ಲಿ (ಇದರಲ್ಲಿದ್ದವರ ಹಣ, ಆಸ್ತಿ ಜಪ್ತಿ ಮಾಡಬೇಕು) ಈಗ ಅಲ್ ಖೈದಾ, ಐಸಿಸ್‌ಗೆ ಸೇರಿದವರ ಹೆಸರುಗಳಿವೆ. ತಾಲಿಬಾನ್‌ಗೆ ಬೇರೆ ಪಟ್ಟಿ ಇದೆ. ಇವನ್ನು ಪಾಲಿಸದೆ ವಿಧಿಯಿಲ್ಲ. ನಮ್ಮಲ್ಲಿ ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ 51ಎ ಕಲಂ ಮತ್ತು ರಿಸರ್ವ್ ಬ್ಯಾಂಕ್ ಸೂಚನೆಗಳ ಮೂಲಕ ಅವು ಎಲ್ಲಾ ಬ್ಯಾಂಕಿಗೂ ಬರುತ್ತವೆ, ಖಾತೆದಾರರ ಹೆಸರನ್ನು ಅವುಗಳ ಜೊತೆ ಹೋಲಿಸಿ ನೋಡುತ್ತಲೇ ಇರಬೇಕು.

ಕಷ್ಟ ಶುರುವಾಗುವುದು ಇಲ್ಲಿ. ಕಲಬುರಗಿ, ಹುಮನಾಬಾದ್, ಬಸವಕಲ್ಯಾಣ ಕಡೆಯಿಂದ ಸೌದಿ, ದುಬೈಗೆ ದುಡಿಯಲು ಹೋದವರು ಭಾಳ ಮಂದಿ. ಮೊಹಮ್ಮದ್, ಅಬ್ದುಲ್ ಅನ್ನುವ ಹೆಸರು ಓಣಿಗೆ ಹತ್ತು. ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು. ಪಟ್ಟಿಯಲ್ಲಿ ಅಡ್ಡಹೆಸರುಗಳೂ ಇರುತ್ತವೆ, ಹಾಗಾಗಿ ಕಂಪ್ಯೂಟರ್ ಹತ್ತಿರ ಹತ್ತಿರ ಹೋಲುವ ಹೆಸರನ್ನೆಲ್ಲ ಹಿಡಿದು ನಿಲ್ಲಿಸುತ್ತದೆ. ಹುಟ್ಟಿದ ದಿನ ನೋಡಿ ಬಿಡಿಸೋಣ ಅಂದರೆ, ನಮ್ಮ ಕಡೆ ಎಷ್ಟೋ ಜನರದ್ದು ಜೂನ್ 1, ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದದ್ದು. ಪಟ್ಟಿಯಲ್ಲೂ ಕೆಲವರಿಗೆ ಬರೀ ಇಸವಿ ಇರುತ್ತದೆ. ಕೊನೆಗೆ ತಂದೆ ಹೆಸರು, ಪಾಸ್‌ಪೋರ್ಟ್ ನಂಬರ್ ನೋಡಿ ಬಿಡುತ್ತೇವೆ. ಅಷ್ಟರಲ್ಲಿ ಮಗಳ ಕಾಲೇಜಿನ ಫೀಸ್ ಕಟ್ಟುವ ತಾರೀಖು ಮುಗಿದಿರುತ್ತದೆ.

ಇನ್ನೊಂದು ಕಡೆ ನೋಡಿ. ಜೈಶ್-ಎ-ಮೊಹಮ್ಮದ್ ಸಂಘಟನೆಯ ಮುಖ್ಯಸ್ಥ ಮಸೂದ್ ಅಜರ್‌ನನ್ನು ಈ ಪಟ್ಟಿಗೆ ಸೇರಿಸಲು ಭಾರತಕ್ಕೆ ಹತ್ತು ವರ್ಷ ಹಿಡಿಯಿತು. ಚೀನಾ ಮತ್ತೆ ಮತ್ತೆ ತಡೆಯಿತು, 15 ಸದಸ್ಯರ ಸಮಿತಿಯಲ್ಲಿ ಒಬ್ಬರು ಒಪ್ಪದಿದ್ದರೂ ಹೆಸರು ಸೇರುವುದಿಲ್ಲ. ಕೊನೆಗೆ ಸೇರಿದ್ದು 2019ರ ಮೇ 1ರಂದು. ಅದೇ ಪಟ್ಟಿಯ ಯಾವನದೋ ಹೆಸರನ್ನು ಹೋಲುವ ಡ್ರೈವರ್ ಒಬ್ಬ ಒಂದೇ ಮಧ್ಯಾಹ್ನದಲ್ಲಿ ಸಿಕ್ಕಿಬೀಳುತ್ತಾನೆ, ತಮಾಷೆ ಅಲ್ವಾ?

ಹಾಗಂತ ತಪಾಸಣೆ ಬೇಡ ಅನ್ನುವವನಲ್ಲ ನಾನು. 26/11ರ ಮುಂಬೈ ದಾಳಿಯಲ್ಲಿ 166 ಜನ ಸತ್ತ ದೇಶ ಇದು, ದಾಳಿಗೆ ದುಡ್ಡು ಬೇಕೇ ಬೇಕು. 2022ರ ಅಕ್ಟೋಬರ್‌ನಲ್ಲಿ ಭಾರತದ ಅಧ್ಯಕ್ಷತೆಯಲ್ಲಿ ಭದ್ರತಾ ಮಂಡಳಿಯ ಭಯೋತ್ಪಾದನಾ ನಿಗ್ರಹ ಸಮಿತಿ ಮುಂಬೈ, ದೆಹಲಿಯಲ್ಲಿ ಸೇರಿತ್ತು. ಅಲ್ಲಿ ಬಂದ ದೆಹಲಿ ಘೋಷಣೆಯಲ್ಲಿ ಇಂಟರ್ನೆಟ್, ಡ್ರೋನ್ ಜೊತೆಗೆ ಹೊಸ ಬಗೆಯ ಪೇಮೆಂಟ್‌ಗಳೂ ಇವೆ. ಅಂದರೆ ತಪಾಸಣೆ ಇನ್ನೂ ಜಾಸ್ತಿಯಾಗುತ್ತದೆ. ಅದಕ್ಕೇ ತಿದ್ದುಪಡಿ ಅಂದಾಗ ನಾನು ನೋಡುವುದು ನಾಲ್ಕನೇ ಕಂಬವನ್ನು, ತಪ್ಪಾಗಿ ಸಿಕ್ಕಿದವನು ಎಷ್ಟು ದಿನದಲ್ಲಿ ಹೊರಗೆ ಬರಬಹುದು ಎನ್ನುವುದನ್ನು. ಪಟ್ಟಿಯಲ್ಲೇ ಇರುವವರ ದೂರು ಕೇಳಲು 2009ರಲ್ಲಿ ಒಂಬುಡ್ಸ್‌ಪರ್ಸನ್ ಎಂಬ ಸ್ವತಂತ್ರ ವಿಚಾರಣಾಧಿಕಾರಿಯ ಹುದ್ದೆ ಮಾಡಿದರು, ಅದೂ ಅಲ್ ಖೈದಾ, ಐಸಿಸ್ ಪಟ್ಟಿಗೆ ಮಾತ್ರ. ಬರೀ ಹೆಸರು ಹೋಲಿದ್ದಕ್ಕೆ ಖಾತೆಯೇ ಜಪ್ತಿಯಾದರೆ ಬ್ಯಾಂಕಿಗೆ ದಾಖಲೆ ಸಮೇತ ಅರ್ಜಿ ಕೊಡಿ, ಅದು ಈ ಕೆಲಸ ನೋಡಿಕೊಳ್ಳುವ ಕೇಂದ್ರ ಸರ್ಕಾರದ ನೋಡಲ್ ಅಧಿಕಾರಿಗೆ ಹೋಗುತ್ತದೆ, ನಿಜ ಅನ್ನಿಸಿದರೆ 15 ಕೆಲಸದ ದಿನದೊಳಗೆ ಅವರು ಬಿಡುಗಡೆ ಮಾಡಬೇಕು.

ಬರೀ ಹಣ ತಡವಾಗಿದ್ದರೆ ಅಷ್ಟು ದೂರ ಹೋಗಬೇಕಿಲ್ಲ. ಕಳಿಸಿದವರ ಪಾಸ್‌ಪೋರ್ಟ್ ಮತ್ತು ಇಕಾಮಾ (ಸೌದಿಯಲ್ಲಿ ಇರಲು ಕೊಡುವ ಪರವಾನಗಿ) ಪ್ರತಿ ತರಿಸಿಕೊಳ್ಳಿ, ತಂದೆ ಹೆಸರು ಪೂರ್ತಿ ಬರೆದುಕೊಡಿ, ರೆಫರೆನ್ಸ್ ನಂಬರ್ ಕೇಳಿ ಇಟ್ಟುಕೊಳ್ಳಿ. ಸಿಟ್ಟಿಗೆದ್ದು ಗೆಳೆಯನ ಖಾತೆಗೆ ಹಾಕಿಸುವುದು, ಬ್ಯಾಂಕ್ ಬಿಟ್ಟು ಕಳ್ಳದಾರಿಯಲ್ಲಿ ಹಣ ಸಾಗಿಸುವ ಹುಂಡಿಯವನ ಹತ್ತಿರ ಹೋಗುವುದು ಮಾತ್ರ ಬೇಡ, ಆಗ ನಿಜವಾಗಿಯೂ ಅನುಮಾನ ಬರುತ್ತದೆ.