ಮಿ-4 ಹೆಲಿಕಾಪ್ಟರ್ ಯಾಕೆ ಮಾಡಿದ್ರು, ನಮ್ಮ ಸೇನೆಗೆ ಎಷ್ಟು ಉಪಯೋಗ ಆಯ್ತು?
ಕೊರಿಯಾ ಯುದ್ಧದಲ್ಲಿ ಅಮೆರಿಕದವ್ರು ಸಿಕೋರ್ಸ್ಕಿ ಹೆಲಿಕಾಪ್ಟರಲ್ಲಿ ಸೈನಿಕರನ್ನ ಸಾಗಿಸೋದು ನೋಡಿ ಸೋವಿಯತ್ ನಾಯಕ ಸ್ಟಾಲಿನ್‌ಗೆ ತಲೆಬಿಸಿ ಆಯ್ತು, 1951ರಲ್ಲಿ ಹೆಲಿಕಾಪ್ಟರ್ ವಿನ್ಯಾಸಗಾರ ಮಿಖಾಯಿಲ್ ಮಿಲ್ ಅವ್ರನ್ನ ಕರೆಸಿ ಒಂದೇ ವರ್ಷದಲ್ಲಿ ದೊಡ್ಡದೊಂದು ಮಾಡ್ಕೊಡಿ ಅಂದ. 1952ರಲ್ಲೇ ಹಾರಿಸಿಬಿಟ್ರು!

ಆಗ ಸೋವಿಯತ್‌ನಲ್ಲಿ ಇದಕ್ಕೆ ಟರ್ಬೈನ್ (ಜೆಟ್ ತರದ) ಇಂಜಿನ್ ಇರ್ಲಿಲ್ಲ, ಹಾಗಾಗಿ ಫೈಟರ್ ವಿಮಾನಕ್ಕೆ ಹಾಕ್ತಿದ್ದ 14 ಸಿಲಿಂಡರ್ ಪಿಸ್ಟನ್ ಇಂಜಿನ್ನಿನ ವಂಶದ್ದನ್ನೇ ಮೂತಿಯೊಳಗೆ ಕೂರಿಸಿ, ಪೈಲಟ್‌ಗಳನ್ನ ಅದರ ಮೇಲೆ ಕೂರಿಸಿದ್ರು. ಇದರಿಂದ ಹಿಂದೆಲ್ಲಾ ಜಾಗ ಖಾಲಿ. ಹಿಂಬದಿಗೆ ಎರಡು ಕಡೆ ತೆರೆಯೋ ದೊಡ್ಡ ಬಾಗಿಲು, ಜೀಪನ್ನೇ ಒಳಗೆ ಓಡಿಸಬಹುದಿತ್ತು, ನನ್ನ ಪ್ರಕಾರ ಸಿಕೋರ್ಸ್ಕಿಗಿಂತ ಇದೇ ಜಾಣತನ. ಒಟ್ಟು 3,000ಕ್ಕೂ ಹೆಚ್ಚು ಮಾಡಿದ್ರು, ಚೀನಾದವ್ರೂ ಲೈಸೆನ್ಸ್ ತಗೊಂಡು ಝಡ್-5 ಅಂತ ಮಾಡ್ಕೊಂಡ್ರು.

ನಮ್ಮ ವಾಯುಪಡೆಗೆ 1960ರ ಆಸುಪಾಸಲ್ಲಿ ಬಂತು. 1962ರ ಚೀನಾ ಯುದ್ಧದಲ್ಲಿ ಗಡಿ ಪೋಸ್ಟ್‌ಗಳಿಗೆ ರೇಷನ್ ಹಾಕೋದು, ಗಾಯಾಳುಗಳನ್ನ ತರೋದು ಎಲ್ಲಾ ಮಾಡ್ತು, ಆದ್ರೆ ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು, ಹೊರೆ ಕಮ್ಮಿ ಮಾಡ್ಲೇಬೇಕು. ಅಸಲಿ ಹೆಸರು ಬಂದಿದ್ದು 1971ರ ಪಾಕಿಸ್ತಾನ ಯುದ್ಧದಲ್ಲಿ. ಈಗಿನ ಬಾಂಗ್ಲಾದೇಶದ ಆಶುಗಂಜ್ ಹತ್ರ ಮೇಘನಾ ನದಿ ಸೇತುವೆನ ಪಾಕಿಸ್ತಾನದವ್ರು ಉಡಾಯಿಸಿದ್ರು, ನಮ್ಮ ಸೇನೆಯ ಜನರಲ್ ಸಗತ್ ಸಿಂಗ್ ಸೇತುವೆಗೆಲ್ಲಾ ಕಾಯದೆ ಡಿಸೆಂಬರ್ 9ರಿಂದ ಮಿ-4ಗಳಲ್ಲೇ ಸೈನಿಕರನ್ನ ನದಿ ದಾಟಿಸಿದ್ರು, ರಾತ್ರಿ ಹೊತ್ತೂ ಬಿಡದೆ ಟ್ರಿಪ್ ಮೇಲೆ ಟ್ರಿಪ್. ಒಂದು ವಾರದಲ್ಲಿ, 16ಕ್ಕೆ, ಢಾಕಾ ಶರಣಾಯ್ತು. ಆಮೇಲೆ ಟರ್ಬೈನ್ ಇರೋ ಮಿ-8 ಬಂದು ಇದರ ಕೆಲಸ ತಗೊಂಡ್ತು.