ಹಳೆಯ ಡಚ್ ಚಿತ್ರಗಳಲ್ಲಿ ಎಲೆಗಳು ನೀಲಿ ಯಾಕೆ? ಅವುಗಳಲ್ಲಿದ್ದ ಹಳದಿ ಬಣ್ಣದ ತಯಾರಿ ಹೇಗೆ?

ಹಸಿರು ಬರಲೆಂದು ನೀಲಿಯ ಜೊತೆ ಬಳಸಿದ್ದ, ಗಿಡದಿಂದ ತೆಗೆದ ಹಳದಿ ಬೆಳಕಿಗೆ ಮಾಸಿಹೋಗಿರುವುದೇ ಕಾರಣ. ಡಚ್ ಚಿತ್ರಕಾರ ವರ್ಮೀರ್‌ನ ‘ಮುತ್ತಿನ ಓಲೆಯ ಹುಡುಗಿ’ಯ ಕಪ್ಪು ಹಿನ್ನೆಲೆ ಕೂಡ ಮೊದಲು ಹಸಿರು ಪರದೆಯಾಗಿತ್ತು: ಇಂಡಿಗೊ ಎಂಬ ನೀಲಿಯ ಜೊತೆ, ಹಳದಿ ಬಣ್ಣ ಕೊಡುವ ವೆಲ್ಡ್ ಎಂಬ ಗಿಡದ ಹಳದಿ.

50 ಗ್ರಾಂ ಒಣ ವೆಲ್ಡನ್ನು 1 ಲೀಟರ್ ನೀರಿನಲ್ಲಿ ಒಂದು ಗಂಟೆ ಕಾಯಿಸಿ ಸೋಸಿ. ಜೋರಾಗಿ ಕುದಿಸಿದರೆ ಕಂದು ಅಂಶವೂ ಇಳಿಯುತ್ತದೆ. ಕಬ್ಬಿಣದ ಪಾತ್ರೆ ಬೇಡವೇ ಬೇಡ, ಹಳದಿ ಪಾಚಿಬಣ್ಣಕ್ಕೆ ತಿರುಗುತ್ತದೆ. ಬಿಸಿ ಕಷಾಯದಲ್ಲಿ 25 ಗ್ರಾಂ ಪಟಿಕ ಕರಗಿಸಿ, ನೀರಲ್ಲಿ ಕರಗಿಸಿದ 11 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟನ್ನು ಚಮಚ ಚಮಚವಾಗಿ ಹಾಕಿ. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಚೆಲ್ಲುತ್ತದೆ. ಆಗ ಹುಟ್ಟುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಬಣ್ಣವನ್ನು ಹಿಡಿದುಕೊಂಡು ಮೊಸರಿನ ಹಾಗೆ ತಳ ಸೇರುತ್ತದೆ. ಮೇಲಿನ ನೀರು ಬಸಿದು ನಾಲ್ಕೈದು ಸಲ ತೊಳೆಯಿರಿ. ಈ ಕ್ರಿಯೆಯಲ್ಲಿ ಹುಟ್ಟಿದ ಉಪ್ಪು ಉಳಿದರೆ ಒಣಗಿದ ಪುಡಿಯಲ್ಲಿ ಬಿಳಿ ಹರಳು ಏಳುತ್ತವೆ.